ಮಳೆ ಹಿಡಿಯೋಕೆ ಮುಂಚೆ ಹಿತ್ತಲಲ್ಲಿ ಮಾಡೋ ಕೆಲ್ಸ

ಭರಣಿ ಮಳೆ ಎರಡು ಸಲ ಬಂದು ಹೋಯ್ತು, ನಮ್ಮ ಸಾಗರದ ಕಡೆ ಮಣ್ಣು ಮೇಲ್ಗಡೆ ಮಾತ್ರ ಒದ್ದೆ ಆಗಿದೆ, ಒಂದು ಗೇಣು ಅಗೆದ್ರೆ ಒಳಗೆ ಇನ್ನೂ ಧೂಳೇ. ಭರಣಿ ಮಳೆ ಧರಣಿ ಬೆಳೆ ಅಂತಾರೆ, ನಿಜ, ಆದ್ರೆ ಒಂದು ಮಳೆ ಬಂತು ಅಂತ ನೀರು ಹಾಕೋದು ನಿಲ್ಸಿಬಿಟ್ರೆ ಕಾಯಿ ಬಿಡೋ ಹೊತ್ತಲ್ಲೇ ಬಳ್ಳಿ ಸೊರಗತ್ತೆ. ಬುಡಕ್ಕೆ ಬೆರಳು ಹಾಕಿ ನೋಡಿ, ಎರಡು ಗೆಣ್ಣು ಒಳಗೆ ತಂಪಿದ್ರೆ ಬಿಡಿ, ಇಲ್ಲಾಂದ್ರೆ ಬೆಳಿಗ್ಗೆ ಬೇಗ ಒಂದು ಚೊಂಬು ನೀರು ಬುಡಕ್ಕೇ ಹಾಕಿ, ಎಲೆ ಮೇಲೆ ಹೊಯ್ಯಬೇಡಿ. ಬಾವಿ ತಳ ಕಾಣೋ ಈ ದಿನಗಳಲ್ಲಿ ನೀರಿಗಿಂತ ಜಾಸ್ತಿ ಕೆಲ್ಸ ಮಾಡೋದು ತರಗೆಲೆ. ಪ್ರತಿ ಬುಡಕ್ಕೂ ನಾಲ್ಕು ಬೆರಳು ದಪ್ಪ ಮುಚ್ಚಿಗೆ ಹಾಕಿದ್ರೆ ದಿನಾ ಹಾಕೋ ನೀರು ಎರಡು ದಿನಕ್ಕೊಂದ್ಸಲ ಸಾಕಾಗತ್ತೆ, ಕಾಂಡಕ್ಕೆ ಮಾತ್ರ ತಾಗದ ಹಾಗೆ ಸ್ವಲ್ಪ ಬಿಟ್ಟು ಹಾಕ್ಬೇಕು, ಇಲ್ದಿದ್ರೆ ಗೆದ್ದಲು ಹತ್ತತ್ತೆ.

ಸದ್ಯಕ್ಕೆ ನಮ್ಮ ಹಿತ್ತಲಲ್ಲಿ ಬೆಂಡೆ, ಹೀರೆ, ಸಿಹಿಗುಂಬಳ, ಮೊಗೆಕಾಯಿ (ಸಾಂಬಾರ್ ಸೌತೆ), ತೊಂಡೆ, ಬಸಳೆ, ಹರಿವೆ, ನಾಲ್ಕು ಮೆಣಸಿನಗಿಡ ಇದೆ. ಬಚ್ಚಲ ನೀರು ಹರಿಯೋ ಕಡೆ ಬಾಳೆ ಮತ್ತೆ ಕೆಸು, ಸೋಪಿನ ನೀರು ಸೊಪ್ಪಿನ ಮಡಿಗೆ ಬಿಡೋದಿಲ್ಲ.

ಬೆಂಡೆ ಯುಗಾದಿ ಆಸುಪಾಸಲ್ಲಿ ಹಾಕಿದ್ದು, ಬೀಜ ರಾತ್ರಿಯಿಡೀ ನೀರಲ್ಲಿ ನೆನೆಸಿ ಹಾಕಿದ್ರೆ ಬೇಗ ಮೊಳೆಯತ್ತೆ, 45-50 ದಿನಕ್ಕೆ ಮೊದಲ ಕಾಯಿ. ಇದರಲ್ಲಿ ಎಲ್ರೂ ಮಾಡೋ ತಪ್ಪು ಒಂದೇ, ಇನ್ನೊಂದು ದಿನ ಇರ್ಲಿ ದೊಡ್ಡ ಆಗತ್ತೆ ಅಂತ ಬಿಡೋದು. ಬೆಂಡೆಕಾಯಿನ ಒಂದು ದಿನ ಬಿಟ್ಟು ಒಂದು ದಿನ ಕೊಯ್ಯಲೇಬೇಕು, ತುದಿ ಹಿಡಿದು ಬಗ್ಗಿಸಿದ್ರೆ ಟಕ್ ಅಂತ ಮುರೀಬೇಕು, ಬಾಗಿ ನಿಂತ್ರೆ ಆಗ್ಲೇ ನಾರಾಗಿದೆ. ಕಾಯಿ ಗಿಡದಲ್ಲೇ ಬಲಿತ್ರೆ ಗಿಡಕ್ಕೆ ಇನ್ನು ನನ್ನ ಕೆಲ್ಸ ಮುಗೀತು ಅನ್ಸಿಬಿಡತ್ತೆ, ಹೊಸ ಹೂವು ಕಮ್ಮಿ ಆಗತ್ತೆ. ಎಲೆ ನರ ಎಲ್ಲ ಹಳದಿ ಬಲೆ ತರ ಕಂಡ್ರೆ ಅದು ಹಳದಿ ನಂಜು, ಗೊಬ್ಬರ ಕಮ್ಮಿ ಆಗಿದ್ದಲ್ಲ, ಬಿಳಿ ನೊಣ ಹರಡೋ ರೋಗ, ಅದಕ್ಕೆ ಮದ್ದಿಲ್ಲ, ಆ ಗಿಡ ಕಿತ್ತು ಸುಡಿ, ಕನಿಕರ ಪಟ್ರೆ ಸಾಲಿಗೇ ಬರತ್ತೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವ್ರ ಅರ್ಕಾ ಅನಾಮಿಕ ಈ ರೋಗ ತಡ್ಕೊಳ್ಳಲಿ ಅಂತಲೇ ಮಾಡಿರೋ ತಳಿ. ನಾನು ಅದನ್ನ ಒಂದು ಸಾಲು, ನಮ್ಮ ಹಾಲುಬೆಂಡೆ ಒಂದು ಸಾಲು ಹಾಕ್ತೀನಿ, ರುಚಿಗೆ ಹಾಲುಬೆಂಡೇನೇ.

ಹೀರೆ, ಕುಂಬಳದ ವಿಷಯಕ್ಕೆ ಪ್ರತಿ ವರ್ಷ ಯಾರಾದ್ರೂ ಒಬ್ರು ಫೋನ್ ಮಾಡೇ ಮಾಡ್ತಾರೆ, ಅತ್ತೆ, ಹೂವು ರಾಶಿ ರಾಶಿ, ಕಾಯಿ ಒಂದೂ ಇಲ್ಲ ಅಂತ. ಗಾಬರಿ ಬೇಡ. ಮೊದಲು ಬರೋದೆಲ್ಲ ಗಂಡು ಹೂವು, ಹತ್ತು ಹದಿನೈದು ದಿನ ಆದ್ಮೇಲೆ ಹೆಣ್ಣು ಹೂವು ಶುರುವಾಗತ್ತೆ. ಹೂವಿನ ಹಿಂದೆ ನೋಡಿ, ಗಂಡು ಹೂವಿಗೆ ಬರೀ ತೊಟ್ಟು, ಹೆಣ್ಣು ಹೂವಿಗೆ ಹಿಂದುಗಡೆ ಸಣ್ಣ ಕಾಯಿನೇ ಕೂತಿರತ್ತೆ, ಕುಂಬಳದ್ದಾದ್ರೆ ಗೋಲಿ ತರ, ಹೀರೆದಾದ್ರೆ ಕಿರುಬೆರಳಿನಷ್ಟು, ಅದ್ರ ಮೇಲೆ ಗೀರು ಕೂಡ ಕಾಣತ್ತೆ. ಆ ಕಾಯಿ ನಾಲ್ಕೇ ದಿನಕ್ಕೆ ಹಳದಿಯಾಗಿ ಉದುರ್ತಾ ಇದ್ರೆ ಜೇನು ಬರ್ತಾ ಇಲ್ಲ ಅಂತ ಅರ್ಥ, ಆಗ ನಾವೇ ಕೈ ಹಾಕ್ಬೇಕು. ಗಂಡು ಹೂವು ಒಂದು ಕಿತ್ತು, ದಳ ಹರಿದು ಹಾಕಿ, ಮಧ್ಯದ ಹಳದಿ ಪುಡಿ ಇರೋ ಕಡ್ಡೀನ ಹೆಣ್ಣು ಹೂವಿನ ಒಳಗೆ ಮೆತ್ತಗೆ ಸುತ್ತ ತಾಗಿಸಿ. ಕುಂಬಳದ ಹೂವು ಅರಳೋದು ನಸುಕಲ್ಲಿ, ಬಿಸಿಲೇರೋ ಹೊತ್ತಿಗೆ ಮುದುರಿಕೊಳ್ಳತ್ತೆ, ಹಾಗಾಗಿ ಕಾಫಿಗಿಂತ ಮುಂಚೆ ಅದ್ರ ಕೆಲ್ಸ. ಹೀರೆ ಹೂವು ಸಂಜೆ ಅರಳೋದು, ಬೆಳಿಗ್ಗೆ ಹೋಗಿ ಹುಡುಕಿದ್ರೆ ಏನೂ ಪ್ರಯೋಜನ ಇಲ್ಲ. ಇಷ್ಟು ಗೊತ್ತಿಲ್ದೆ ಎಷ್ಟೋ ಜನ ಚೆನ್ನಾಗಿರೋ ಬಳ್ಳೀನ ಕಿತ್ತು ಬಿಸಾಕ್ತಾರೆ, ನನಗೆ ಹೊಟ್ಟೆ ಉರಿಯತ್ತೆ.

ಕಾಯಿ ಕಚ್ಚಿದ ಮೇಲೆ ಹಣ್ಣುನೊಣ. ಎಳೇ ಕಾಯಿ ಮೇಲೆ ಸೂಜಿ ಚುಚ್ಚಿದ ಹಾಗೆ ಚುಕ್ಕಿ, ಅಲ್ಲಿಂದ ಅಂಟು, ಆಮೇಲೆ ಕಾಯಿ ಸೊಟ್ಟ. ಅಂಥ ಕಾಯಿ ಕಿತ್ತು ಬೇಲಿ ಹತ್ರ ಎಸೀಬೇಡಿ, ಒಳಗಿನ ಹುಳ ಮಣ್ಣಿಗಿಳಿದು ಮತ್ತೆ ನೊಣ ಆಗತ್ತೆ, ಒಲೆಗೆ ಹಾಕಿ ಇಲ್ಲಾ ಆಳವಾಗಿ ಹೂತುಬಿಡಿ. ಕಾಯಿ ಬೆರಳುದ್ದ ಇರೋವಾಗ್ಲೇ ಪೇಪರ್ ಕೊಟ್ಟೆ (ಚೀಲ) ಕಟ್ಟೋದು ಎಲ್ಲಕ್ಕಿಂತ ಒಳ್ಳೇದು. ಅಂಗಡೀಲಿ ನೊಣಾನ ವಾಸನೆಯಿಂದ ಸೆಳೆದು ಹಿಡಿಯೋ ಮೋಹಕ ಬಲೆ ಸಿಗತ್ತೆ, ಆದ್ರೆ ಕೇಳುವಾಗ ಹುಷಾರು, ಮಾವಿನ ನೊಣಕ್ಕೆ ಇಡೋದು ಮೀಥೈಲ್ ಯೂಜಿನಾಲ್, ಹೀರೆ ಸೌತೆ ನೊಣಕ್ಕೆ ಕ್ಯೂಲೂರ್ ಬೇಕು. ಹೋದ್ವರ್ಷ ನನಗೆ ಒಂದು ಅಂಗಡೀಲಿ ಮಾವಿಂದೇ ಕೊಟ್ಟು ಕಳಿಸಿದ್ರು, ಒಂದು ತಿಂಗಳು ಬಲೆ ತೂಗಾಡ್ತಾ ಇತ್ತು, ಈ ಕಡೆ ಹೀರೆಕಾಯಿ ಎಲ್ಲ ಹುಳ. ಎಲೆ ತೂತು ಮಾಡೋ ಕೆಂಪು ದುಂಬಿಗೆ ಮಾತ್ರ ಒಲೆಬೂದಿ ಸಾಕು, ಇಬ್ಬನಿ ಆರೋ ಮುಂಚೆ ಉದುರಿಸಿದ್ರೆ ಅಂಟಿಕೊಳ್ಳತ್ತೆ.

ಹರಿವೆ ಬೀಜ ಹಾಕಿದ್ದು ಹುಟ್ಲೇ ಇಲ್ಲ ಅಂದ್ರೆ ಬೀಜದ ತಪ್ಪಲ್ಲ, ಇರುವೆ ಹೊತ್ಕೊಂಡು ಹೋಗಿರತ್ತೆ. ಮಡಿ ಸುತ್ತ ಒಂದು ಹಿಡಿ ರವೆ ಹಾಕಿ, ಅವಕ್ಕೆ ಅದೇ ಸಾಕು. ಬೀಜಕ್ಕೆ ನಾಲ್ಕು ಪಟ್ಟು ಮರಳು ಬೆರೆಸಿ ಬಿತ್ತಿದ್ರೆ ಒತ್ತಾಗಿ ಬರಲ್ಲ, 25-30 ದಿನಕ್ಕೆ ಸೊಪ್ಪು. ತೊಂಡೆ, ಬಸಳೆ ಎರಡಕ್ಕೂ ಬೀಜ ಬೇಡ, ಕಾಯಿ ಬಿಡೋ ತೊಂಡೆಬಳ್ಳಿಯ ಪೆನ್ಸಿಲ್ ದಪ್ಪದ ತುಂಡು ತಂದು ನೆಡಿ, ಗಂಡು ಬಳ್ಳಿ ತಂದ್ರೆ ಬರೀ ಹೂವೇ ನೋಡ್ತಾ ಕೂರ್ಬೇಕು. ಮೆಣಸಿನಗಿಡದ ಎಲೆ ಮುದುರ್ತಾ ಇದ್ರೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಹಾಕಿ ಚೆನ್ನಾಗಿ ಕುಲುಕಿ ಸಂಜೆ ಹೊತ್ತು ಎಲೆ ಅಡಿಗೆ ಸಿಂಪಡಿಸಿ, ಬಿಸಿಲಲ್ಲಿ ಬೇಡ, ಎಲೆ ಸುಡತ್ತೆ. ಹಸಿ ಸಗಣಿನೂ ಅಷ್ಟೇ, ಬುಡಕ್ಕೆ ಹಾಕ್ಬೇಡಿ, ಬೇರು ಸುಡತ್ತೆ. 20 ಲೀಟರ್ ನೀರಿಗೆ ಒಂದು ಕೆಜಿ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆಹಿಟ್ಟು, ಒಂದು ಹಿಡಿ ತೋಟದ ಮಣ್ಣು, ನೆರಳಲ್ಲಿಟ್ಟು ದಿನಾ ಎರಡು ಸಲ ತಿರುವಿದ್ರೆ ಮೂರ್ನಾಲ್ಕು ದಿನಕ್ಕೆ ಜೀವಾಮೃತ ಅನ್ನೋ ನೀರುಗೊಬ್ಬರ ರೆಡಿ, ಮಣ್ಣು ಒದ್ದೆ ಇದ್ದಾಗ ಹಾಕಿ.

ಈಗ ಮಂಗನ ಕಾಟ ನೋಡಿ ಊರಲ್ಲಿ ತುಂಬ ಜನ ತರಕಾರಿ ಹಾಕೋದೇ ಬಿಟ್ಟಿದಾರೆ. ನಾನು ಅವ್ರಿಗೆ ಹೇಳೋದು, ಸುವರ್ಣಗೆಡ್ಡೆ ಆದ್ರೂ ಹಾಕಿ. ಮಣ್ಣೊಳಗಿರೋದು, ತುರಿಸೋದು ಬೇರೆ, ನಮ್ಮಲ್ಲಿ ಮಂಗ ಮುಟ್ಟಿಲ್ಲ. ಅರ್ಧ ಕೆಜಿ ತೂಗೋ ತುಂಡು, ಪ್ರತಿಯೊಂದಕ್ಕೂ ಮಧ್ಯದ ಕಣ್ಣಿನ ಒಂದು ಭಾಗ ಬರೋ ಹಾಗೆ ಕುಯ್ದು, ಸಗಣಿ ನೀರಲ್ಲಿ ಅದ್ದಿ ನೆರಳಲ್ಲಿ ಆರ್ಸಿ, ಈ ತಿಂಗಳೇ ನೆಟ್ಟುಬಿಡಿ. ಬೆಂಡೆ ಬುಡಕ್ಕೂ ಈಗ್ಲೇ ಮಣ್ಣು ಏರಿಸಿ, ನೀರು ಬಸಿದು ಹೋಗೋಕೆ ಒಂದು ಕಾಲುವೆ ತೆಗೀರಿ. ಮೃಗಶಿರಾ ಮಳೆ ಹಿಡಿದ ಮೇಲೆ ಕೆಸರಲ್ಲಿ ಗುದ್ದಲಿ ಆಡೋದಿಲ್ಲ.

ಬೀಜಕ್ಕೆ ಬಿಡೋ ಕಾಯಿಗೆ ಇವತ್ತೇ ದಾರ ಕಟ್ಟಿ, ಮನೇಲಿ ಯಾರಾದ್ರೂ ಸಾರಿಗೆ ಕೊಯ್ದುಬಿಡ್ತಾರೆ. ಬಳ್ಳಿ ಜೋರಾಗಿರೋವಾಗ ಬಿಟ್ಟ ಎರಡನೇ ಮೂರನೇ ಕಾಯಿನೇ ಬೀಜಕ್ಕೆ ಇಡ್ಬೇಕು, ಎಲ್ಲ ತಿಂದು ಮಿಕ್ಕ ಕೊನೇ ಕಾಯಿ ಅಲ್ಲ. ಹೈಬ್ರಿಡ್ ಗಿಡದಿಂದ ತೆಗ್ದ ಬೀಜ ತಾಯಿ ತರ ಬರಲ್ಲ, ಊರ ಬೀಜಕ್ಕೆ ಮಾತ್ರ ಈ ಮಾತು. ನಮ್ಮತ್ತೆ ಸೌತೆಬೀಜಕ್ಕೆ ಬೂದಿ ಕಲಸಿ ಅಡುಗೆಮನೆ ಗೋಡೆಗೆ ಬಡಿದು ಇಡ್ತಿದ್ರು, ಹೊಗೆ ತಾಗಿ ಹುಳ ಹಿಡೀತಿರ್ಲಿಲ್ಲ. ನಾನು ಬೂದೀಲಿ ತಿಕ್ಕಿ ನೆರಳಲ್ಲಿ ಒಣಗ್ಸಿ ಬಾಟ್ಲಿಗೆ ಹಾಕ್ತೀನಿ.

ಮೊಗೆಕಾಯಿ ಮಾತ್ರ ಮಳೆ ಜೋರಾಗೋ ಮುಂಚೆ ಎಲ್ಲ ಕೊಯ್ದುಬಿಡಿ, ನೆಲ ತಾಗಿದ ಕಡೆ ಕೊಳೆಯತ್ತೆ. ತೊಟ್ಟು ಮುರೀದ ಹಾಗೆ ಕುಯ್ದು, ಗಾಯ ಆಗಿದ್ದನ್ನ ಬೇರೆ ಇಟ್ಟು ಆ ವಾರವೇ ತೆಳ್ಳೇವಿಗೆ (ತೆಳು ದೋಸೆಗೆ) ಹಾಕಿ. ಉಳಿದಿದ್ದನ್ನ ಬಾಳೆನಾರಲ್ಲಿ ಸುತ್ತು ಕಟ್ಟಿ, ಒಂದಕ್ಕೊಂದು ತಾಗದ ಹಾಗೆ ಜಂತಿಗೆ ತೂಗುಹಾಕಿ. ಹೋದ್ವರ್ಷ ಕಟ್ಟಿದ್ರಲ್ಲಿ ಕೊನೇದು ಚೌತಿ ಹಬ್ಬದ ದಿನ ಹುಳಿಗೆ ಹೋಯ್ತು.