ಮಕ್ಕಳು ರೂಮಿನ ಬಾಗಿಲು ಹಾಕಿಕೊಂಡು ಕೂತಾಗ

ಪಿಯುಸಿ ರಿಸಲ್ಟ್ ಬರುವ ಹೊತ್ತು. ಹದಿಹರೆಯದ ಮಕ್ಕಳಿರುವ ಮನೆಯವರಿಗೆ ಒಂದೆರಡು ಮಾತು.

ಮಗನೋ ಮಗಳೋ ಮಂಕಾಗಿದ್ದರೆ ಎದುರು ಕೂತು "ಏನಾಯ್ತು ಹೇಳು" ಎಂದು ಕೇಳಬೇಡಿ. ಉತ್ತರ ಬರಲ್ಲ. ಅಂಗಡಿಗೆ ಹೋಗುವಾಗ ಜೊತೆಗೆ ಕರೆದುಕೊಳ್ಳಿ, ಇಲ್ಲವೇ ಬೆಳ್ಳುಳ್ಳಿ ಸುಲಿಯಲು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೈಗೆ ಕೆಲಸವಿದ್ದಾಗ ಮಾತು ತಾನಾಗಿ ಹೊರಗೆ ಬರುತ್ತದೆ. ಬಂದಾಗ ಬುದ್ಧಿ ಹೇಳಲು ಹೋಗಬೇಡಿ. (ನನಗೂ ಇದೇ ಜಾಸ್ತಿ ಕಷ್ಟ.) ಪಕ್ಕದ ಮನೆಯವರ ಮಾರ್ಕ್ಸ್ ವಿಷಯವಂತೂ ಬೇಡವೇ ಬೇಡ. "ಹೌದಾ, ಆಮೇಲೆ?" ಅಷ್ಟು ಸಾಕು.

ಹುರುಪು ಬರಲಿ ಎಂದು ಕಾಯುತ್ತಾ ಕೂತರೆ ದಿನಗಳು ಹಾಗೇ ಕಳೆಯುತ್ತವೆ. ಸ್ನಾನ, ಬೆಳಗಿನ ಬಿಸಿಲಲ್ಲಿ ಹತ್ತು ನಿಮಿಷ ನಡಿಗೆ, ಗೆಳೆಯನಿಗೊಂದು ಫೋನ್. ಇಂಥ ಚಿಕ್ಕದರಿಂದಲೇ ಶುರು ಮಾಡಿಸಿ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ ಮೊಬೈಲ್ ಹಾಲ್‌ನಲ್ಲೇ ಚಾರ್ಜ್ ಆಗಲಿ, ಅಪ್ಪ ಅಮ್ಮನದ್ದೂ!

ಎರಡು ವಾರವಾದರೂ ಊಟ, ನಿದ್ದೆ, ಆಸಕ್ತಿ ಸರಿಹೋಗದಿದ್ದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಅನುಮಾನ ಬಂದರೆ "ಸಾಯಬೇಕು ಅನ್ನಿಸುತ್ತಿದೆಯಾ?" ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ತಕ್ಷಣ ಸಹಾಯ ಪಡೆಯಿರಿ.

ಟೆಲಿ ಮನಸ್ ಸಹಾಯವಾಣಿ: 14416. ಸರ್ಕಾರದ್ದು, ಉಚಿತ, 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಈಗಲೇ ಮಕ್ಕಳ ಫೋನಿನಲ್ಲೂ ಸೇವ್ ಮಾಡಿಕೊಡಿ.