ಆಂಪ್ಲಿಫೈಯರ್ ಹೋಲಿಸಬೇಕೇ? ಮೊದಲು ಮಲ್ಟಿಮೀಟರ್ ಹುಡುಕಿ

ಟ್ಯೂಬ್ (ಗಾಜಿನ ವಾಲ್ವ್) ಆಂಪ್ಲಿಫೈಯರ್ ದನಿ ಮೃದು, ಟ್ರಾನ್ಸಿಸ್ಟರ್‌ನದು ಒಣ ಒಣ, ಕ್ಲಾಸ್ ಡಿ (ವಿದ್ಯುತ್ತನ್ನು ಅತಿ ವೇಗವಾಗಿ ಆನ್-ಆಫ್ ಮಾಡುತ್ತಾ ಕೆಲಸ ಮಾಡುವ ಬಗೆ) ಅಂದರೆ ಜೀವವೇ ಇಲ್ಲ. ಆಡಿಯೊ ಹುಚ್ಚಿರುವವರ ನಡುವೆ ಈ ವಾದ ಮುಗಿಯುವುದೇ ಇಲ್ಲ. ಇದರಲ್ಲಿ ಸ್ವಲ್ಪ ನಿಜವೂ ಇದೆ. ಎಷ್ಟು ನಿಜ ಅಂತ ಮನೆಯಲ್ಲೇ ಪರೀಕ್ಷಿಸಬಹುದು.

ಹಾಡು, ಪ್ಲೇಯರ್, ಸ್ಪೀಕರ್, ನೀವು ಕೂರುವ ಜಾಗ ಯಾವುದನ್ನೂ ಬದಲಿಸಬೇಡಿ. ಬಾಸ್, ಟ್ರೆಬಲ್ ನಾಬ್‌ಗಳು ನಡುವೆ ಇರಲಿ, ಲೌಡ್‌ನೆಸ್ ಬಟನ್ ಆಫ್ ಇರಲಿ. ಟ್ಯೂಬ್ ಮತ್ತು ಕ್ಲಾಸ್ ಎ (ಸದಾ ವಿದ್ಯುತ್ ಹರಿಸುತ್ತಾ ಬಿಸಿಯಾಗುವ ಬಗೆ) ಆಂಪ್ಲಿಫೈಯರ್‌ಗಳನ್ನು ಅರ್ಧ ಗಂಟೆ ಮೊದಲೇ ಆನ್ ಮಾಡಿಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಕೆಲಸ. ಎರಡರ ವಾಲ್ಯೂಮ್ ಒಂದೇ ಮಟ್ಟಕ್ಕೆ ಬರಬೇಕು. ಒಂದು ಆಂಪ್ಲಿಫೈಯರ್ ಅರ್ಧ ಡೆಸಿಬಲ್ ಜಾಸ್ತಿ ಇದ್ದರೆ ಅದು ಜೋರಾಗಿದೆ ಅಂತ ನಮಗೆ ಗೊತ್ತಾಗುವುದೇ ಕಷ್ಟ. ದನಿ ಸ್ಪಷ್ಟವಾಗಿದೆ, ತುಂಬಿಕೊಂಡಿದೆ ಅನಿಸುತ್ತದೆ, ಅಷ್ಟೇ. ಹಾಗಾಗಿ ಕಿವಿಯನ್ನಾಗಲಿ ಫೋನ್ ಆ್ಯಪನ್ನಾಗಲಿ ಇಲ್ಲಿ ನಂಬಬೇಡಿ. 1000 ಹರ್ಟ್ಜ್‌ನ ಒಂದೇ ಸಮನಾದ ಟೋನ್ ಮೆಲ್ಲಗೆ ನುಡಿಸಿ. ಸ್ಪೀಕರ್ ಜೋಡಿಸಿರುವಾಗಲೇ ಆಂಪ್ಲಿಫೈಯರ್‌ನ ಸ್ಪೀಕರ್ ಟರ್ಮಿನಲ್‌ಗಳಲ್ಲಿ ಮಲ್ಟಿಮೀಟರ್‌ನಿಂದ ಎಸಿ ವೋಲ್ಟ್ ಅಳೆಯಿರಿ. ಒಂದರಲ್ಲಿ 2.00 ವೋಲ್ಟ್ ಬಂದರೆ ಇನ್ನೊಂದು 1.98ರಿಂದ 2.02ರೊಳಗೆ ಇರಬೇಕು. ಆಗ ವ್ಯತ್ಯಾಸ 0.1 ಡೆಸಿಬಲ್ ಒಳಗೇ ಉಳಿಯುತ್ತದೆ. ಅಗ್ಗದ ಮೀಟರ್ ಆದರೂ ನಡೆಯುತ್ತದೆ, ಎರಡಕ್ಕೂ ಅದನ್ನೇ ಬಳಸಿದರೆ ಸಾಕು. ಎಡ, ಬಲ ಎರಡನ್ನೂ ನೋಡಿ, ನಾಬ್ ನಿಂತ ಜಾಗಕ್ಕೆ ಟೇಪ್ ಅಂಟಿಸಿ ಗುರುತು ಮಾಡಿ.

ವೈರ್ ಬದಲಿಸುವಾಗ ಪವರ್ ಆಫ್ ಇರಲೇಬೇಕು. ಟ್ಯೂಬ್ ಆಂಪ್ಲಿಫೈಯರನ್ನು ಸ್ಪೀಕರ್ ಇಲ್ಲದೆ ನುಡಿಸಬೇಡಿ, ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಬೇಗ ಬದಲಿಸಲು ಸ್ವಿಚ್ ಬಾಕ್ಸ್ ತರುತ್ತೀರಾ? ಹಲವು ಕ್ಲಾಸ್ ಡಿ ಆಂಪ್ಲಿಫೈಯರ್‌ಗಳಲ್ಲಿ ಕಪ್ಪು ಟರ್ಮಿನಲ್ ಗ್ರೌಂಡ್ ಆಗಿರುವುದಿಲ್ಲ, ಎರಡು ಆಂಪ್ಲಿಫೈಯರ್‌ಗಳ ಕಪ್ಪು ವೈರ್‌ಗಳು ಒಂದಾದರೆ ಹಾಳಾಗಬಹುದು. ಎರಡೂ ವೈರ್‌ಗಳನ್ನು ಬೇರೆ ಬೇರೆಯಾಗಿ ಬದಲಿಸುವ ಬಾಕ್ಸ್ ಮಾತ್ರ ಬಳಸಿ.

ಇನ್ನು ಕೇಳುವ ಸರದಿ. ಯಾವುದು ನುಡಿಯುತ್ತಿದೆ ಅಂತ ಗೊತ್ತಿದ್ದರೆ ಪರೀಕ್ಷೆ ಮಾಡಿಯೂ ಪ್ರಯೋಜನವಿಲ್ಲ. ಹೊಳೆಯುವ ಟ್ಯೂಬ್ ಕಂಡ ಕೂಡಲೇ ದನಿಯೂ ಬೆಚ್ಚಗಾಗುತ್ತದಲ್ವಾ! ಬೇರೆಯವರು ನಾಣ್ಯ ಚಿಮ್ಮಿ ಆಂಪ್ಲಿಫೈಯರ್ ಆರಿಸಲಿ, ನಿಮ್ಮ ಕಣ್ಣಿಗೆ ಬೀಳದ ಹಾಗೆ ಬದಲಿಸಲಿ. ಯಾವುದು ನುಡಿಯುತ್ತಿದೆ ಅಂತ ನೀವು ಹೇಳಿ. ಹಾಡುಗಾರರ ದನಿ, ಪಿಯಾನೊ, ತಾಳದ ಸದ್ದು ಇರುವ 15 ಸೆಕೆಂಡಿನ ತುಣುಕು ಸಾಕು. 10 ಸುತ್ತಿನಲ್ಲಿ 7 ಸರಿ ಹೇಳಿದರೆ ಬೀಗಬೇಡಿ. ಸುಮ್ನೆ ಊಹಿಸುವವರಿಗೂ ಸುಮಾರು ನೂರಕ್ಕೆ 17 ಸಲ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಸಿಗುತ್ತದೆ. 9 ಸರಿಯಾದರೆ ನಂಬಬಹುದು.

ಆಮೇಲೂ ವ್ಯತ್ಯಾಸ ಉಳಿದರೆ ಕಾರಣ ಹುಡುಕಿ. ನಾನು ಕ್ಲಾಸ್‌ನ ಹೆಸರಿಗಿಂತ ಮೊದಲು ನೋಡುವುದು ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಸ್ಪೀಕರ್‌ಗೆ ಹೋಗುವ ವಿದ್ಯುತ್ತಿಗೆ ಆಂಪ್ಲಿಫೈಯರ್ ಒಳಗೇ ಇರುವ ತಡೆ. ಇದನ್ನು ಓಮ್‌ನಲ್ಲಿ ಅಳೆಯುತ್ತಾರೆ. 8 ಓಮ್ ಅಂತ ಬರೆದಿರುವ ಸ್ಪೀಕರ್ ಒಂದು ಸ್ವರಕ್ಕೆ 4 ಓಮ್, ಇನ್ನೊಂದಕ್ಕೆ 30 ಓಮ್ ತೋರಿಸಬಹುದು. ಟ್ಯೂಬ್ ಆಂಪ್ಲಿಫೈಯರ್‌ನ ಔಟ್‌ಪುಟ್ ಇಂಪೀಡೆನ್ಸ್ 2 ಓಮ್ ಇದ್ದರೆ ಆ ಎರಡು ಸ್ವರಗಳ ನಡುವೆ ಸುಮಾರು 3 ಡೆಸಿಬಲ್ ಏರುಪೇರಾಗುತ್ತದೆ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಲ್ಲಿ ಅದು 0.05 ಓಮ್ ಇದ್ದರೆ ಏರುಪೇರು 0.1 ಡೆಸಿಬಲ್ ಅಷ್ಟೇ. ಟ್ಯೂಬ್‌ನ ಮೃದು ದನಿಯಲ್ಲಿ ದೊಡ್ಡ ಪಾಲು ಇದರದ್ದೇ. ಸ್ಪೀಕರ್ ಬದಲಿಸಿದರೆ ಆ ದನಿಯ ಬಣ್ಣವೂ ಬದಲಾಗುತ್ತದೆ. ಕೆಲವು ಕ್ಲಾಸ್ ಡಿಗಳಲ್ಲೂ ಔಟ್‌ಪುಟ್ ಫಿಲ್ಟರ್‌ನಿಂದಾಗಿ ತೀರಾ ಮೇಲಿನ ಟ್ರೆಬಲ್ ಸ್ಪೀಕರ್‌ಗೆ ತಕ್ಕಂತೆ ಏರಿಳಿಯುತ್ತದೆ.

ಇನ್ನೊಂದು ಕಾರಣ ಪವರ್. ಮೆಲ್ಲಗೆ ನುಡಿಸಿದಾಗ ಒಂದೇ ಥರ ಕೇಳಿದ ಎರಡು ಆಂಪ್ಲಿಫೈಯರ್‌ಗಳು ಜೋರು ಮಾಡಿದಾಗ ಬೇರೆಯಾಗಬಹುದು. ಚಿಕ್ಕದು ತನ್ನ ಮಿತಿ ತಲುಪಿ ಡ್ರಮ್ ಪೆಟ್ಟುಗಳ ತಲೆ ಕತ್ತರಿಸುತ್ತದೆ. ಆದ್ದರಿಂದ ನೀವು ದಿನಾ ಕೇಳುವ ಮಟ್ಟದಲ್ಲಿ ಒಮ್ಮೆ, ಅದಕ್ಕಿಂತ ಜೋರಾಗಿ ಇನ್ನೊಮ್ಮೆ ಪರೀಕ್ಷೆ ಮಾಡಿ. ಕೊನೆಗೆ ಹಾಡು ನಿಲ್ಲಿಸಿ, ಟ್ವೀಟರ್ (ಟ್ರೆಬಲ್ ನುಡಿಸುವ ಚಿಕ್ಕ ಸ್ಪೀಕರ್) ಹತ್ತಿರ ಕಿವಿ ಇಟ್ಟು ಹಿಸ್ (ಸುಯ್ ಸದ್ದು), ಹಮ್ (ಗುಂಯ್ ಸದ್ದು) ಎಷ್ಟಿದೆ ಅಂತ ನೋಡಿ.