ಬದಲಿ ಆರ್ಡರ್ ಬಂದರೆ ಬಾಡಿಗೆ ಮನೆ ಏನಾಗಬೇಕು? ನಾವು ಕರಾರಿನಲ್ಲಿ ಬರೆಸಿದ್ದು

ನಮ್ಮ ಯಜಮಾನರು ಸೈನ್ಯದಲ್ಲಿದ್ದಾರೆ. ಕುಟುಂಬ ಕರೆದೊಯ್ಯಲು ಆಗದ ಫೀಲ್ಡ್ ಪೋಸ್ಟಿಂಗ್ ಬಂದಾಗ, ನಾನು ಮಕ್ಕಳ ಜೊತೆ ಕಲಬುರಗಿಯ ಸೇಡಂ ರಸ್ತೆ ಕಡೆ ಬಾಡಿಗೆ ಮನೆ ಹಿಡಿದೆ. ಟೈಪಿಂಗ್ ಅಂಗಡಿಯವರು ಕೊಟ್ಟ ಕರಾರು ಎಲ್ಲರಿಗೂ ಕೊಡುವಂಥದ್ದೇ. ಹನ್ನೊಂದು ತಿಂಗಳು, ಅದರಲ್ಲಿ ಆರು ತಿಂಗಳು ಲಾಕ್-ಇನ್. ಅದಕ್ಕೂ ಮೊದಲು ಬಿಟ್ಟರೆ ಡಿಪಾಜಿಟ್ ಹೋಯಿತು. ಬದಲಿ ಯಾವಾಗ ಬರುತ್ತದೋ ಗೊತ್ತಿಲ್ಲದವರು ಇದಕ್ಕೆ ಸಹಿ ಹಾಕಬಾರದು.

ಅಮೆರಿಕದಲ್ಲಿ ಸೈನಿಕರಿಗೆಂದೇ 2003ರ ಕಾಯ್ದೆ ಇದೆ. ವರ್ಗಾವಣೆಯೋ, 90 ದಿನ ಅಥವಾ ಜಾಸ್ತಿ ದಿನದ ನಿಯೋಜನೆಯೋ ಬಂದರೆ, ಸೈನಿಕ ನೋಟಿಸ್ ಜೊತೆ ಆದೇಶದ ಪ್ರತಿ ಕೊಟ್ಟು ದಂಡವಿಲ್ಲದೆ ಮನೆ ಬಿಡಬಹುದು. ನಮ್ಮಲ್ಲಿ ಬಾಡಿಗೆದಾರ ಸೈನಿಕನಿಗೆ ಅಂಥ ಹಕ್ಕು ಕೊಡುವ ಕಾಯ್ದೆ ಇಲ್ಲ. ಹಾಗಾಗಿ ಅದನ್ನು ಕರಾರಿನಲ್ಲೇ ಬರೆಸಬೇಕು ಅಂತ ಕೂತೆ.

"ಕಾಕಾ, ಇವರಿಗೆ ಬದಲಿ ಬಂದ್ರ ನಾವು ನಿಲ್ಲಲಿಕ್ಕೆ ಆಗಲ್ರಿ. ಒಂದು ತಿಂಗಳು ಮೊದಲ ಹೇಳ್ತೀವಿ, ಡಿಪಾಜಿಟ್ ಹಿಡಿಬ್ಯಾಡ್ರಿ" ಅಂದೆ.

"ಆಯ್ತವ್ವಾ. ಆದ್ರ ಬದಲಿ ಬಂದದ ಅಂತ ನನಗ ಹ್ಯಾಂಗ ಗೊತ್ತಾಗಬೇಕು?" ಅಂದರು ಮಾಲೀಕರು.

ನ್ಯಾಯವಾದ ಪ್ರಶ್ನೆ, ಅಲ್ವಾ? ಆದರೆ ಮೂವ್‌ಮೆಂಟ್ ಆರ್ಡರ್, ಅಂದರೆ ಹೊಸ ಜಾಗಕ್ಕೆ ಹೊರಡಲು ಸೈನ್ಯ ಕೊಡುವ ಆದೇಶ, ಹೊರಗಿನವರ ಕೈಗೆ ಕೊಡುವ ಕಾಗದವಲ್ಲ. ಯಾವ ಯೂನಿಟ್, ಎಲ್ಲಿಗೆ ಹೋಗುತ್ತಾರೆ ಎಲ್ಲ ಅದರಲ್ಲಿರುತ್ತದೆ. ಅದಕ್ಕೆ "ವರ್ಗಾವಣೆ ಆಗಿದೆ ಎಂದು ಯೂನಿಟ್ ಕೊಡುವ ಪತ್ರ ಸಾಕು, ಸ್ಥಳದ ಹೆಸರು ಬೇಕಿಲ್ಲ" ಎಂದು ಬರೆಸಿದೆವು. ಲಾಕ್-ಇನ್ ಸಾಲು ಹೊಡೆದುಹಾಕಿದೆವು. ಮಕ್ಕಳ ಪರೀಕ್ಷೆ ಮುಗಿಯುವ ತನಕ ನಮ್ಮನ್ನು ಬಿಡಿಸುವಂತಿಲ್ಲ ಎಂದೂ ಸೇರಿಸಿದೆವು. ನಮ್ಮ ಯಜಮಾನರು ಗಡಿಯಲ್ಲಿದ್ದಾಗ ನಾನೊಬ್ಬಳೇ ಮಕ್ಕಳನ್ನು ಕಟ್ಟಿಕೊಂಡು ಮನೆ ಹುಡುಕುವುದು ಬೇಡ ಅನ್ನುವುದೇ ನನಗೆ ದೊಡ್ಡ ಚಿಂತೆಯಾಗಿತ್ತು.

ಇನ್ನೊಂದು ವಿಷಯ ಬಹಳ ಮುಖ್ಯ. ಕರಾರು ನನ್ನ ಹೆಸರಲ್ಲಿ ಮಾಡಿದರೆ ಸುಲಭ ಎಂದು ಅಂಗಡಿಯವರು ಹೇಳಿದರು. ನಾನು ಒಪ್ಪಲಿಲ್ಲ. ಬಾಡಿಗೆದಾರರು ನಮ್ಮ ಯಜಮಾನರೇ. ಅವರು ಕೊಟ್ಟ ಅಧಿಕಾರ ಪತ್ರದ ಮೇಲೆ ಸಹಿ ನನ್ನದು. ಕಾರಣ, 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ. ಯುದ್ಧದ ಪರಿಸ್ಥಿತಿಯಲ್ಲೋ ವಿದೇಶದಲ್ಲೋ, ಕಾಯ್ದೆ ಹೇಳುವ ಇಂಥ ವಿಶೇಷ ಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕನ ಮೇಲೆ ದಾವೆ ನಡೆದಿದ್ದರೆ, ನಿಗದಿತ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಕೋರ್ಟ್ ಅದನ್ನು ಮುಂದೂಡಬೇಕು. ಅವನು ಇಲ್ಲದಾಗ ಏಕಪಕ್ಷೀಯ ಡಿಕ್ರಿ (ಎದುರು ಪಕ್ಷದ ಮಾತಷ್ಟೇ ಕೇಳಿ ಕೊಟ್ಟ ತೀರ್ಪು) ಆಗಿದ್ದರೆ ರದ್ದು ಕೇಳಲೂ ದಾರಿ ಇದೆ. ಈ ರಕ್ಷಣೆ ಸೈನಿಕನಿಗೆ. ಕರಾರಿನಲ್ಲಿ ಅವನ ಹೆಸರೇ ಇಲ್ಲದಿದ್ದರೆ ದಾವೆ ಬರುವುದು ಹೆಂಡತಿಯ ಮೇಲೆ. ಬಾಡಿಗೆ ಬಾಕಿ ಇದ್ದರೆ ಇದರಿಂದ ಮಾಫಿ ಆಗುವುದಿಲ್ಲ, ಕೇಸು ಮುಂದೆ ಹೋಗುತ್ತದೆ ಅಷ್ಟೆ. ಬಾಡಿಗೆ ಮಾತ್ರ ಪ್ರತಿ ತಿಂಗಳು ಬ್ಯಾಂಕಿನಿಂದಲೇ ಹಾಕಿ.

ಮುಂದೆ ಕುಟುಂಬ ಕರೆದುಕೊಂಡು ಹೋಗುವಂಥ ಪೋಸ್ಟಿಂಗ್ ಬಂತು. ಯೂನಿಟ್ ಪತ್ರ ಕೊಟ್ಟು ಕಾಕಾರಿಂದ ಪ್ರತಿಯ ಮೇಲೆ ಸಹಿ ತೆಗೆದುಕೊಂಡೆ. ಜೆಸ್ಕಾಂ ಬಿಲ್ ಕಟ್ಟಿ, ಮೀಟರ್ ಫೋಟೊ ತೆಗೆದು, ಬೀಗದ ಕೈ ಕೊಟ್ಟ ದಿನವೇ ಡಿಪಾಜಿಟ್ ಪೂರ್ತಿ ಖಾತೆಗೆ ಬಂತು.